ವಾಪಸು ಬರುವ ಸರಕಿನ ಲೆಕ್ಕ: ಬದಲಾಗುವ ನಿಯಮಗಳ ನಡುವೆ ಆನ್‌ಲೈನ್ ವರ್ತಕ

ಮಾರಿದ ಸರಕು ವಾಪಸು ಬರುವುದು ವ್ಯಾಪಾರಕ್ಕೆ ಹೊಸ ಸಂಗತಿಯೇನಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಾಗಲಿ, ಹುಬ್ಬಳ್ಳಿಯ ದುರ್ಗದಬೈಲಿನಲ್ಲಾಗಲಿ, ಸೀರೆಯ ಸೆರಗಿನಲ್ಲಿ ಕಲೆ ಕಂಡಿತೆಂದು ಗ್ರಾಹಕರು ಮರುದಿನ ಅಂಗಡಿಗೆ ಬಂದರೆ ವರ್ತಕನು ಅದನ್ನು ಕಣ್ಣಾರೆ ನೋಡಿ, ಬೇರೊಂದು ಸೀರೆ ಕೊಟ್ಟು ಕಳುಹಿಸುವ ಪದ್ಧತಿ ಹಿಂದಿನಿಂದಲೂ ಇದೆ. ವಾಪಸು ತೆಗೆದುಕೊಳ್ಳಬೇಕೆ ಬೇಡವೆ ಎಂಬ ತೀರ್ಮಾನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನದೇ ಆಗಿರುತ್ತದೆ. ಆನ್‌ಲೈನ್ ಮಾರುಕಟ್ಟೆ ತಾಣಗಳ ಮೂಲಕ ಮಾರುವ ವರ್ತಕನಿಗೆ ಈ ಅಧಿಕಾರವಿಲ್ಲ. ಎಷ್ಟು ದಿನಗಳೊಳಗೆ ವಾಪಸು ಪಡೆಯಬೇಕು, ಯಾವ ಕಾರಣಕ್ಕೆ ಪಡೆಯಬೇಕು, ಹಿಂದಿರುಗುವ ಸಾಗಣೆಯ ವೆಚ್ಚವನ್ನು ಯಾರು ಭರಿಸಬೇಕು ಎಂಬುದನ್ನೆಲ್ಲ ತಾಣವೇ ನಿರ್ಧರಿಸುತ್ತದೆ. ನಿರ್ಧರಿಸಿದ್ದನ್ನು ಆಗಾಗ ಬದಲಾಯಿಸುತ್ತದೆ ಕೂಡ.

ಬದಲಾವಣೆ ಯಾವಾಗಲೂ ವರ್ತಕನಿಗೆ ವಿರುದ್ಧವಾಗಿಯೇ ಇರುತ್ತದೆಂದು ಹೇಳಲಾಗದು. ಬೆಂಗಳೂರಿನಲ್ಲಿ 2007ರಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್ ಸಂಸ್ಥೆಯು 2016ರ ಜೂನ್‌ನಲ್ಲಿ ಮೊಬೈಲ್, ಎಲೆಕ್ಟ್ರಾನಿಕ್ ಉಪಕರಣ, ಪುಸ್ತಕ ಮೊದಲಾದ ಕೆಲವು ವಿಭಾಗಗಳಲ್ಲಿ ವಾಪಸಾತಿಯ ಅವಧಿಯನ್ನು 30 ದಿನಗಳಿಂದ 10 ದಿನಗಳಿಗೆ ಇಳಿಸಿತು. ಅವಧಿ ಇಳಿದುದು ವರ್ತಕರಿಗೆ ಅನುಕೂಲವೇ. ಆದರೆ ಅದೇ ಸಂದರ್ಭದಲ್ಲಿ ವರ್ತಕರಿಂದ ಪಡೆಯುವ ಶುಲ್ಕಗಳನ್ನೂ ಪರಿಷ್ಕರಿಸಿದ್ದರಿಂದ ಅನೇಕರು ಆಕ್ಷೇಪವೆತ್ತಿದರು. ಒಂದು ಕೈಯಲ್ಲಿ ಉಳಿದದ್ದು ಇನ್ನೊಂದು ಕೈಯಲ್ಲಿ ಹೋಯಿತೇ ಎಂಬುದನ್ನು ಲೆಕ್ಕ ಹಾಕಿದವರಿಗೆ ಮಾತ್ರ ತಿಳಿಯಿತು. ಇಂದಿನ ಪರಿಸ್ಥಿತಿಯೂ ಇದಕ್ಕಿಂತ ಭಿನ್ನವಾಗಿಲ್ಲ. ನಿಯಮ ಬದಲಾಗುವುದನ್ನು ಸಣ್ಣ ವರ್ತಕನು ತಡೆಯಲಾರ. ಬದಲಾದ ನಿಯಮದಡಿ ತನ್ನ ಲಾಭ ಉಳಿಯುತ್ತದೆಯೇ ಎಂಬುದನ್ನು ಲೆಕ್ಕ ಹಾಕಬಲ್ಲ. ಅದನ್ನು ಹಾಕದವರು ಮಾರಾಟ ಹೆಚ್ಚುತ್ತಿರುವಾಗಲೇ ಬಂಡವಾಳ ಕರಗುವುದನ್ನು ಕಾಣಬೇಕಾಗುತ್ತದೆ.

ಕಾನೂನಿನ ವಾಪಸಾತಿ, ತಾಣದ ವಾಪಸಾತಿ

ಮೊದಲಿಗೆ ಎರಡು ಬಗೆಯ ವಾಪಸಾತಿಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಒಂದು, ಕಾನೂನು ವಿಧಿಸಿದ್ದು. ಇನ್ನೊಂದು, ತಾಣವು ತನ್ನ ವ್ಯಾಪಾರಕ್ಕಾಗಿ ಗ್ರಾಹಕರಿಗೆ ನೀಡಿದ ಸೌಲಭ್ಯ.

2020ರ ಜುಲೈ 23ರಂದು ಹೊರಡಿಸಲಾದ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ 6ನೇ ನಿಯಮದ ಪ್ರಕಾರ, ಸರಕು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ತಿಳಿಸಿದ ಗುಣಲಕ್ಷಣಗಳನ್ನು ಹೊಂದಿರದಿದ್ದರೆ ಅಥವಾ ತಿಳಿಸಿದ ದಿನಕ್ಕಿಂತ ತಡವಾಗಿ ತಲುಪಿದ್ದರೆ, ಮಾರಾಟಗಾರನು ಅದನ್ನು ವಾಪಸು ಪಡೆಯಲು ಅಥವಾ ಹಣ ಹಿಂತಿರುಗಿಸಲು ನಿರಾಕರಿಸುವಂತಿಲ್ಲ. ಕೈಮೀರಿದ ಅವಘಡಗಳಿಂದಾದ ವಿಳಂಬಕ್ಕೆ ಮಾತ್ರ ವಿನಾಯಿತಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಂ, ದೋಷಪೂರಿತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ವಾಪಸು ಪಡೆದು ಹಣ ಮರಳಿಸದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ. ತಾಣದ ನೀತಿ ಏನೇ ಇರಲಿ, ಈ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು.

ಆದರೆ ಬಣ್ಣ ಇಷ್ಟವಾಗಲಿಲ್ಲ, ಮನಸ್ಸು ಬದಲಾಯಿತು, ಎರಡು ಅಳತೆ ತರಿಸಿ ಒಂದನ್ನು ಇಟ್ಟುಕೊಂಡೆವು ಎಂಬಂತಹ ಕಾರಣಗಳಿಗೆ ಸರಕು ಹಿಂಪಡೆಯಬೇಕೆಂದು ಈ ನಿಯಮಗಳು ವಿಧಿಸಿಲ್ಲ. ಅದು ತಾಣದ ಕೊಡುಗೆ. ಆಗಾಗ ಬದಲಾಗುವುದು ಮುಖ್ಯವಾಗಿ ಈ ಎರಡನೆಯ ಭಾಗವೇ. ಆದುದರಿಂದ ವಾಪಸು ಬಂದ ಪ್ರತಿಯೊಂದು ಪೊಟ್ಟಣದ ಕಾರಣವನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಬೇಕು. ದೋಷ, ತಪ್ಪು ಅಳತೆ, ಚಿತ್ರಕ್ಕೂ ವಸ್ತುವಿಗೂ ವ್ಯತ್ಯಾಸ ಎಂಬ ಕಾರಣಗಳಿಂದ ಬರುವ ವಾಪಸಾತಿಯನ್ನು ಕಾರ್ಖಾನೆಯಲ್ಲಿಯೇ ಕಡಿಮೆ ಮಾಡಬಹುದು. ಅಳತೆಯ ಪಟ್ಟಿಯನ್ನು ಸರಿಪಡಿಸುವುದು, ಹಗಲು ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಹಾಕುವುದು, ರವಾನೆಗೆ ಮುನ್ನ ತಪಾಸಣೆ ನಡೆಸುವುದು ಇದಕ್ಕೆ ದಾರಿ. ಮನಸ್ಸು ಬದಲಾದ ಕಾರಣದಿಂದ ಬರುವುದನ್ನು ಹೀಗೆ ತಡೆಯಲಾಗದು. ಅದನ್ನು ಬೆಲೆಯಲ್ಲಿಯೇ ಸೇರಿಸಿಕೊಳ್ಳಬೇಕಾಗುತ್ತದೆ.

ಇದಲ್ಲದೆ, ಗ್ರಾಹಕರ ಕೈ ಸೇರದೆಯೇ ಹಿಂದಿರುಗುವ ಸರಕೂ ಉಂಟು. ಸರಕು ತಲುಪಿದಾಗ ಹಣ ಪಾವತಿಸುವ ಪದ್ಧತಿಯಲ್ಲಿ ಮನೆ ಬಾಗಿಲಲ್ಲಿ ನಿರಾಕರಿಸಿದ್ದು, ವಿಳಾಸ ಸಿಗದೆ ಉಳಿದದ್ದು ಈ ವರ್ಗಕ್ಕೆ ಸೇರುತ್ತವೆ. ವರ್ತಕರ ಮಾತಿನಲ್ಲಿ ಇದು ಆರ್.ಟಿ.ಒ. ಅನೇಕ ತಾಣಗಳಲ್ಲಿ ಇದಕ್ಕೂ ಗ್ರಾಹಕರು ಬಳಸಿ ಹಿಂತಿರುಗಿಸಿದ ಸರಕಿಗೂ ಶುಲ್ಕದ ನಿಯಮಗಳು ಬೇರೆ ಬೇರೆ. ಎರಡನ್ನೂ ಒಂದೇ ಅಂಕಣದಲ್ಲಿ ಬರೆದರೆ ನಷ್ಟದ ಮೂಲ ಯಾವುದೆಂಬುದು ತಿಳಿಯುವುದಿಲ್ಲ.

ನೂರು ಬೇಡಿಕೆಗಳ ಒಂದು ಲೆಕ್ಕ

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಸಿದ್ಧ ಉಡುಪು ತಯಾರಿಸುವ ಒಂದು ಸಣ್ಣ ಘಟಕವು ಜಿ.ಎಸ್.ಟಿ. ಹೊರತುಪಡಿಸಿ 600 ರೂ. ಬೆಲೆಯ ಕುರ್ತಾವನ್ನು ತಾಣದ ಮೂಲಕ ಮಾರುತ್ತದೆ ಎಂದಿಟ್ಟುಕೊಳ್ಳೋಣ. ತಯಾರಿಕಾ ವೆಚ್ಚ 380 ರೂ., ತಾಣದ ಕಮಿಷನ್ ಮತ್ತಿತರ ಶುಲ್ಕ 90 ರೂ., ಕಳುಹಿಸುವ ಸಾಗಣೆ 60 ರೂ., ಪ್ಯಾಕಿಂಗ್ 10 ರೂ. ಗ್ರಾಹಕರು ಇಟ್ಟುಕೊಂಡ ಪ್ರತಿ ಕುರ್ತಾದಿಂದ 60 ರೂ. ಉಳಿಯುತ್ತದೆ.

ವಾಪಸು ಬಂದಾಗ ಕಮಿಷನ್ ಮರಳುತ್ತದೆ ಎಂದು ಭಾವಿಸಿದರೂ ಕಳುಹಿಸಿದ ಸಾಗಣೆಯ 60 ರೂ., ಹಿಂದಿರುಗಿದ ಸಾಗಣೆಯ 80 ರೂ., ಪ್ಯಾಕಿಂಗಿನ 10 ರೂ., ಮತ್ತೆ ಇಸ್ತ್ರಿ ಮಾಡಿ ಕಟ್ಟಲು 15 ರೂ., ಒಟ್ಟು 165 ರೂ. ಹೋಗುತ್ತದೆ. ವಾಪಸು ಬಂದ ಐದರಲ್ಲಿ ಒಂದು ಕೊಳೆಯಾಗಿಯೋ ಹರಿದೋ ಬಂದು, 380 ರೂ. ವೆಚ್ಚದ ಕುರ್ತಾ 130 ರೂ.ಗೆ ಹೋದರೆ 250 ರೂ. ನಷ್ಟ. ಅದನ್ನು ಐದಕ್ಕೂ ಹಂಚಿದರೆ ತಲಾ 50 ರೂ. ಅಲ್ಲಿಗೆ ಪ್ರತಿ ವಾಪಸಾತಿಯ ನಿಜವಾದ ವೆಚ್ಚ 215 ರೂ.

ನೂರು ಬೇಡಿಕೆಗಳಲ್ಲಿ 10 ವಾಪಸು ಬಂದರೆ, ಉಳಿದ 90ರಿಂದ 5,400 ರೂ. ಲಾಭ, ವಾಪಸಾತಿಯಿಂದ 2,150 ರೂ. ನಷ್ಟ; ಕೈಗೆ ಬರುವುದು 3,250 ರೂ. 20 ವಾಪಸು ಬಂದರೆ 4,800 ರೂ.ಗಳಲ್ಲಿ 4,300 ರೂ. ಹೋಗಿ ಉಳಿಯುವುದು ಬರೇ 500 ರೂ. 25 ಬಂದರೆ 875 ರೂ. ನಷ್ಟ. ಲಾಭವು ನಷ್ಟಕ್ಕೆ ತಿರುಗುವುದು 21 ಮತ್ತು 22ರ ನಡುವೆ. ಈ ಸಂಖ್ಯೆಯನ್ನು ಆ ಸರಕಿನ ಸಹನೆಯ ಮಿತಿ ಎನ್ನಬಹುದು.

ಈಗ ತಾಣವು ಹಿಂದಿರುಗುವ ಸಾಗಣೆಯ ದರವನ್ನು 80 ರೂ.ಗಳಿಂದ 100 ರೂ.ಗಳಿಗೆ ಏರಿಸಿತೆಂದುಕೊಳ್ಳೋಣ. ನೋಡಲು 20 ರೂ.ಗಳ ಏರಿಕೆ. ಆದರೆ 20 ವಾಪಸಾತಿಗಳಿಗೆ 500 ರೂ. ಇದ್ದ ಲಾಭ 100 ರೂ.ಗಳಿಗೆ ಇಳಿಯುತ್ತದೆ. ವಾಪಸಾತಿಯ ಅವಧಿ ಹೆಚ್ಚಿಸಿದಾಗ ಪರಿಣಾಮ ಬೇರೊಂದು ಬಗೆಯದು: ವಾಪಸು ಬರುವ ಪ್ರಮಾಣ ಏರಬಹುದು, ಬಳಸಿ ಹಿಂತಿರುಗಿಸಿದವು ಹೆಚ್ಚಬಹುದು, ಹಬ್ಬದ ಸರಕು ಹಬ್ಬ ಮುಗಿದ ಮೇಲೆ ಕೈಗೆ ಬರಬಹುದು. ಆದುದರಿಂದ ಪ್ರತಿಯೊಂದು ಸರಕಿಗೂ, ಪ್ರತಿಯೊಂದು ತಾಣಕ್ಕೂ ಈ ಮಿತಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ, ನೀತಿ ಬದಲಾದ ದಿನವೇ ಪುನಃ ಪರಿಶೀಲಿಸಬೇಕು. ಮಿತಿ ಮೀರಿದ ಸರಕಿನ ಬೆಲೆ ಏರಿಸುವುದು, ಅದನ್ನು ಎರಡು ಅಥವಾ ಮೂರರ ಕಟ್ಟಾಗಿ ಮಾರುವುದು, ಅನಿವಾರ್ಯವಾದರೆ ಆ ತಾಣದಿಂದ ತೆಗೆದುಹಾಕುವುದು ವ್ಯಾಪಾರದ ಸಹಜ ಕ್ರಮಗಳೇ ಹೊರತು ಸೋಲಿನ ಲಕ್ಷಣವಲ್ಲ.

ಜಿ.ಎಸ್.ಟಿ.ಯಲ್ಲಿ ಗಮನಿಸಬೇಕಾದ ಅಂಶಗಳು

ವಾಪಸು ಬಂದ ಸರಕಿನ ಮೇಲೆ ಈಗಾಗಲೇ ತೋರಿಸಿದ ತೆರಿಗೆಯನ್ನು ಕಡಿಮೆ ಮಾಡಿಕೊಳ್ಳಲು ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 34ನೇ ಕಲಮಿನಡಿ ಕ್ರೆಡಿಟ್ ನೋಟ್ ನೀಡಬೇಕು. ಮಾರಾಟ ನಡೆದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದರೊಳಗೆ ಅದನ್ನು ರಿಟರ್ನಿನಲ್ಲಿ ಘೋಷಿಸದಿದ್ದರೆ ತೆರಿಗೆ ಇಳಿಸಿಕೊಳ್ಳುವ ಹಕ್ಕು ತಪ್ಪಿಹೋಗುತ್ತದೆ. ಮಹಾರಾಷ್ಟ್ರಕ್ಕೆ ಮಾರಿದ ಸರಕು ವಾಪಸು ಬಂದರೆ ಮಹಾರಾಷ್ಟ್ರದ ಮಾರಾಟದಲ್ಲಿಯೇ ಅದನ್ನು ಕಳೆಯಬೇಕು. ಕರ್ನಾಟಕದ ಮಾರಾಟದಲ್ಲಿ ಕಳೆದರೆ ರಾಜ್ಯವಾರು ಲೆಕ್ಕ ತಪ್ಪುತ್ತದೆ.

ತೆರಿಗೆ ದರ ಬದಲಾದಾಗ ಗೊಂದಲ ಇನ್ನಷ್ಟು ಹೆಚ್ಚುತ್ತದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂ.ವರೆಗಿನ ಸಿದ್ಧ ಉಡುಪುಗಳಿಗೆ ಶೇ. 5ರ ದರ ಅನ್ವಯವಾಯಿತು. ಅದಕ್ಕೂ ಮುಂಚೆ 1,000 ರೂ. ಮೀರಿದ ಉಡುಪಿಗೆ ಶೇ. 12 ಇತ್ತು. ಸೆಪ್ಟೆಂಬರ್ 20ರಂದು ಶೇ. 12ರ ದರದಲ್ಲಿ ಮಾರಿದ 1,500 ರೂ.ಗಳ ಉಡುಪು 28ರಂದು ವಾಪಸು ಬಂದಿದ್ದರೆ, ಮೂಲ ಬಿಲ್ಲಿನ ಶೇ. 12ರ ದರದಲ್ಲಿಯೇ ಕ್ರೆಡಿಟ್ ನೋಟ್ ಇರಬೇಕು. ಬದಲಿಗೆ ಹೊಸದಾಗಿ ಮಾರಿದ್ದಕ್ಕೆ ಹೊಸ ದರ. ಮೂಲ ಬಿಲ್ಲಿನ ಸಂಖ್ಯೆಯೊಡನೆ ವಾಪಸಾತಿಯನ್ನು ಜೋಡಿಸಿಡದ ವರ್ತಕರಿಗೆ ಇಂತಹ ಸಮಯದಲ್ಲಿ ದಾರಿ ಕಾಣದು.

52ನೇ ಕಲಮಿನಡಿ ತಾಣವು ವರ್ತಕನ ಪಾವತಿಯಿಂದ ತೆರಿಗೆ ಸಂಗ್ರಹಿಸುತ್ತದೆ. 2018ರ ಅಕ್ಟೋಬರ್ 1ರಿಂದ ಶೇ. 1 ಇದ್ದ ಈ ಟಿ.ಸಿ.ಎಸ್. ದರವನ್ನು 2024ರ ಜುಲೈ 10ರಿಂದ ಶೇ. 0.5ಕ್ಕೆ ಇಳಿಸಲಾಗಿದೆ. ಆ ತಿಂಗಳಿನ ಮಾರಾಟದಿಂದ ಆ ತಿಂಗಳಿನಲ್ಲಿ ವಾಪಸು ಬಂದದ್ದನ್ನು ಕಳೆದು ಉಳಿದ ಮೊತ್ತದ ಮೇಲೆ ಇದನ್ನು ಲೆಕ್ಕ ಹಾಕಲಾಗುತ್ತದೆ. 2 ಲಕ್ಷ ರೂ. ಮಾರಾಟ, 40,000 ರೂ. ವಾಪಸಾತಿ ಇದ್ದರೆ 1,60,000 ರೂ. ಮೇಲೆ 800 ರೂ. ತಾಣವು ಜಿ.ಎಸ್.ಟಿ.ಆರ್-8ರಲ್ಲಿ ತೋರಿಸಿದ ಮೊತ್ತವೂ, ವರ್ತಕನು ಜಿ.ಎಸ್.ಟಿ.ಆರ್-1ರ 14ನೇ ಕೋಷ್ಟಕದಲ್ಲಿ ತೋರಿಸಿದ ಮೊತ್ತವೂ ಹೊಂದಾಣಿಕೆಯಾಗುವಂತೆ ಪ್ರತಿ ತಿಂಗಳೂ ನೋಡಿಕೊಳ್ಳಬೇಕು. ಸರಕು ವಾಪಸು ಹೊರಟ ದಿನವನ್ನು ಒಬ್ಬರೂ, ಕೈಸೇರಿದ ದಿನವನ್ನು ಇನ್ನೊಬ್ಬರೂ ಲೆಕ್ಕಕ್ಕೆ ತೆಗೆದುಕೊಂಡರೆ ತಿಂಗಳ ಕೊನೆಯ ವಾರದಲ್ಲಿ ವ್ಯತ್ಯಾಸ ಬಂದೇ ಬರುತ್ತದೆ.

ಹಲವರ ಗಮನಕ್ಕೆ ಬಾರದ ಇನ್ನೊಂದು ಅಂಶ 17(5)(ಎಚ್) ಕಲಂ. ಕಳೆದುಹೋದ, ನಾಶವಾದ ಅಥವಾ ಪುಸ್ತಕದಿಂದ ತೆಗೆದುಹಾಕಿದ ಸರಕಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಮೊದಲೇ ಪಡೆದಿದ್ದರೆ ಹಿಂತಿರುಗಿಸಬೇಕು. ಹಾಳಾಗಿ ಬಂದ ಸರಕನ್ನು ಕಸಕ್ಕೆ ಹಾಕಿ ಪುಸ್ತಕದಿಂದ ತೆಗೆದರೆ ನಷ್ಟದ ಜೊತೆ ಈ ತೆರಿಗೆಯ ಹೊರೆಯೂ ಸೇರುತ್ತದೆ. ಅದನ್ನೇ ಎರಡನೆಯ ದರ್ಜೆಯ ಸರಕೆಂದು ಕಡಿಮೆ ಬೆಲೆಗೆ, ಬಿಲ್ಲು ಬರೆದು, ತೆರಿಗೆ ಸಹಿತ ಮಾರಿದರೆ ಜಮೆ ಉಳಿಯುತ್ತದೆ. ಹಾಗೆಯೇ, ವಾಪಸಾತಿಯಾದಾಗ ತಾಣವು ಕಮಿಷನ್ನನ್ನು ಮರಳಿಸಿ ಕ್ರೆಡಿಟ್ ನೋಟ್ ಕೊಟ್ಟಿದ್ದರೆ, ಆ ಕಮಿಷನ್ನಿನ ಮೇಲೆ ಪಡೆದ ಜಮೆಯನ್ನೂ ಅಷ್ಟರಮಟ್ಟಿಗೆ ಇಳಿಸಬೇಕು. ಸಾಗಣೆಯಲ್ಲಿ ಕಳೆದ ಸರಕಿಗೆ ತಾಣವು ನೀಡುವ ಪರಿಹಾರದ ಮೊತ್ತವನ್ನು ಮಾರಾಟದೊಂದಿಗೆ ಬೆರೆಸದೆ ಪ್ರತ್ಯೇಕ ಖಾತೆಯಲ್ಲಿ ಬರೆದಿಡುವುದು ಕ್ಷೇಮ.

ಆದಾಯ ತೆರಿಗೆ ಮತ್ತು ವರ್ಷಾಂತ್ಯದ ಪುಸ್ತಕ

1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿಸಲಾದ 194-ಒ ಕಲಮಿನಡಿ 2020ರ ಅಕ್ಟೋಬರ್ 1ರಿಂದ ತಾಣಗಳು ಒಟ್ಟು ಮಾರಾಟದ ಮೊತ್ತದ ಮೇಲೆ ಟಿ.ಡಿ.ಎಸ್. ಕಡಿತ ಮಾಡಲಾರಂಭಿಸಿದವು, 2024ರ ಅಕ್ಟೋಬರ್ 1ರಿಂದ ದರ ಶೇ. 0.1ಕ್ಕೆ ಇಳಿಯಿತು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯನ್ನು 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪಿಸಿರುವುದರಿಂದ ಕಲಮಿನ ಸಂಖ್ಯೆ ಬದಲಾಗುತ್ತದೆ. ಕಡಿತವು ಒಟ್ಟು ಮೊತ್ತದ ಮೇಲೆ ಆಗುವುದರಿಂದ, ತೆರಿಗೆ ಇಲಾಖೆಯ ದಾಖಲೆಯಲ್ಲಿ ಕಾಣುವ ಮಾರಾಟವು ವರ್ತಕನ ಪುಸ್ತಕದ ನಿವ್ವಳ ಮಾರಾಟಕ್ಕಿಂತ ಹೆಚ್ಚಾಗಿರಬಹುದು. ವಾಪಸಾತಿ ಆದಾಗ ಕಡಿತವಾದ ತೆರಿಗೆಯನ್ನು ಅದೇ ಹಣಕಾಸು ವರ್ಷದಲ್ಲಿ ಅದೇ ವರ್ತಕನ ಮುಂದಿನ ವಹಿವಾಟಿನಲ್ಲಿ ಸರಿದೂಗಿಸಬಹುದೆಂದು ಕೇಂದ್ರ ನೇರ ತೆರಿಗೆ ಮಂಡಳಿಯು 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ 20ನೇ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಆದರೂ ಎರಡು ಮೊತ್ತಗಳ ನಡುವಿನ ವ್ಯತ್ಯಾಸವನ್ನು ವಿವರಿಸುವ ಒಂದು ಪಟ್ಟಿ ಕಡತದಲ್ಲಿರುವುದು ಅವಶ್ಯ. ನೋಟೀಸು ಬಂದ ಮೇಲೆ ಎರಡು ವರ್ಷ ಹಿಂದಿನ ವಾಪಸಾತಿಗಳನ್ನು ಹುಡುಕುವುದು ಪ್ರಯಾಸದ ಕೆಲಸ.

ಮಾರ್ಚ್ ಕೊನೆಯಲ್ಲಿ ಮಾರಿದ ಸರಕು ಏಪ್ರಿಲ್‌ನಲ್ಲಿ ವಾಪಸು ಬರುವುದು ಸಾಮಾನ್ಯ. ಮಾರ್ಚ್ 31ರ ಲಾಭವನ್ನು ಹಾಗೆಯೇ ತೋರಿಸಿದರೆ ಅದು ಕೈಗೆ ಬಾರದ ಲಾಭವಾಗುತ್ತದೆ. ಹಣ ವಾಪಸಿನ ಭರವಸೆಯೊಡನೆ ನಡೆಯುವ ಚಿಲ್ಲರೆ ಮಾರಾಟದಲ್ಲಿ ಹಿಂದಿನ ಅನುಭವದ ಆಧಾರದ ಮೇಲೆ ವಾಪಸಾತಿಗೆ ಸೂಕ್ತ ಅವಕಾಶ ಕಲ್ಪಿಸಬಹುದೆಂದು ಲೆಕ್ಕಪತ್ರ ಮಾನಕ 9 ಹೇಳುತ್ತದೆ. ತಾಣದ ನೀತಿ ಬದಲಾಗಿದ್ದರೆ ಹಿಂದಿನ ವರ್ಷದ ಶೇಕಡಾವಾರನ್ನೇ ಯಾಂತ್ರಿಕವಾಗಿ ಬಳಸದೆ, ಬದಲಾವಣೆಯ ನಂತರದ ತಿಂಗಳುಗಳ ಅನುಭವಕ್ಕೆ ಹೆಚ್ಚು ಬೆಲೆ ಕೊಡಬೇಕು. ವಾಪಸು ಬಂದ ದಾಸ್ತಾನನ್ನು ಅಸಲು ವೆಚ್ಚ ಅಥವಾ ಮಾರಿದರೆ ಬರುವ ನಿವ್ವಳ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬುದು ಮಾನಕ 2ರ ನಿಯಮ. ಬ್ಯಾಂಕಿಗೆ ಸಲ್ಲಿಸುವ ದಾಸ್ತಾನು ಪಟ್ಟಿಯಲ್ಲಿ ಹಾಳಾದ ಸರಕನ್ನು ಪೂರ್ಣ ಬೆಲೆಗೆ ತೋರಿಸುವುದು ಮುಂದೆ ತೊಂದರೆಗೆ ದಾರಿಯಾಗುತ್ತದೆ.

ದಾಖಲೆ ಇದ್ದವನಿಗೆ ವಾದ

ಕಳುಹಿಸಿದ್ದು ಹೊಸ ಶರ್ಟು, ವಾಪಸು ಬಂದದ್ದು ಹಳೆಯ ಶರ್ಟು ಎಂಬ ದೂರು ವರ್ತಕರಲ್ಲಿ ಸಾಮಾನ್ಯ. ತಾಣಗಳು ಇಂತಹ ಪ್ರಕರಣಗಳಿಗೆ ಪರಿಹಾರ ಕೋರಲು ವ್ಯವಸ್ಥೆ ಮಾಡಿವೆ. ಆದರೆ ಕೋರಿಕೆಗೆ ಗಡುವು ಇರುತ್ತದೆ, ಸಾಕ್ಷ್ಯ ಬೇಕಾಗುತ್ತದೆ. ಪೊಟ್ಟಣ ಕಟ್ಟುವಾಗಲೂ, ವಾಪಸು ಬಂದದ್ದನ್ನು ಬಿಚ್ಚುವಾಗಲೂ ವಿಳಾಸದ ಚೀಟಿ ಕಾಣುವಂತೆ ಚಿತ್ರೀಕರಿಸುವುದನ್ನು ಅನೇಕ ಘಟಕಗಳು ರೂಢಿಸಿಕೊಂಡಿವೆ. ಬೆಲೆಬಾಳುವ ಸರಕಿಗೆ, ಗ್ರಾಹಕರ ಎದುರೇ ಪೆಟ್ಟಿಗೆ ತೆರೆದು ತೋರಿಸಿ ಒಪ್ಪಿಸುವ ವ್ಯವಸ್ಥೆ ಲಭ್ಯವಿದ್ದರೆ ಅದನ್ನು ಆರಿಸಿಕೊಳ್ಳುವುದು ಲೇಸು.

ಅದಕ್ಕಿಂತ ಮುಖ್ಯವಾದುದು ನೀತಿಯ ದಾಖಲೆ. ತಾಣವು ಹೊಸ ನೀತಿ ಪ್ರಕಟಿಸಿದಾಗ ಹಳೆಯ ಪುಟ ಮರೆಯಾಗುತ್ತದೆ. ವಿವಾದ ಬರುವುದು ಹಳೆಯ ಬೇಡಿಕೆಯ ಬಗ್ಗೆ. ಆದ್ದರಿಂದ ಪ್ರತಿಯೊಂದು ನೀತಿಯನ್ನೂ, ಅದನ್ನು ತಿಳಿಸಿದ ಪತ್ರವನ್ನೂ ದಿನಾಂಕ ಸಹಿತ ಮುದ್ರಿಸಿ ಕಡತದಲ್ಲಿಡಬೇಕು. 2020ರ ನಿಯಮಗಳು ಮಾರಾಟಗಾರನಿಗೂ ತಾಣಕ್ಕೂ ನಡುವೆ ಮುಂಚಿತವಾದ ಲಿಖಿತ ಒಪ್ಪಂದವಿರಬೇಕೆಂದು ವಿಧಿಸಿವೆ. ಆ ಒಪ್ಪಂದದ ಪ್ರತಿ ತಮ್ಮ ಬಳಿ ಇದೆಯೇ ಎಂದು ವರ್ತಕರು ಇಂದೇ ನೋಡಿಕೊಳ್ಳುವುದು ಒಳಿತು.

ಒಗ್ಗಟ್ಟಿನ ಕೆಲಸ

ಕೆಲವು ಸಮಸ್ಯೆಗಳು ಒಬ್ಬ ವರ್ತಕನಿಂದ ಬಗೆಹರಿಯುವಂತಹವಲ್ಲ. ಭಾರತೀಯ ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ಪ್ರಕಟಿಸಿದ ಇ-ವಾಣಿಜ್ಯ ಅಧ್ಯಯನದಲ್ಲಿ, ಒಪ್ಪಂದದ ಷರತ್ತುಗಳಲ್ಲಿ ಬದಲಾವಣೆ ಮಾಡುವ ಮುನ್ನ ತಾಣಗಳು ವರ್ತಕರಿಗೆ ತಿಳಿಸಬೇಕು, ಸಮಂಜಸವಾದ ಸೂಚನಾ ಅವಧಿ ಮುಗಿಯುವವರೆಗೆ ಅವನ್ನು ಜಾರಿಗೆ ತರಬಾರದು ಎಂದು ಅಭಿಪ್ರಾಯಪಟ್ಟಿತು. ಇದು ಸ್ವಯಂ ನಿಯಂತ್ರಣದ ಸಲಹೆಯಾಗಿತ್ತೇ ಹೊರತು ಕಟ್ಟುನಿಟ್ಟಿನ ನಿಯಮವಾಗಿರಲಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2020ರ ಜುಲೈ 12ರಿಂದ ಅನ್ವಯವಾದ ನಿಬಂಧನೆಯಾದರೋ ಇಂತಹ ಬದಲಾವಣೆಗೆ ಕನಿಷ್ಠ 15 ದಿನಗಳ ಸೂಚನೆಯನ್ನು ಕಡ್ಡಾಯಗೊಳಿಸಿತು. ಸೂಚನೆಯ ಅವಧಿ ಇದ್ದರೆ ಸಣ್ಣ ಉದ್ದಿಮೆದಾರನು ಬೆಲೆ ಬದಲಾಯಿಸಲು, ದಾಸ್ತಾನು ಹಿಂತೆಗೆಯಲು ಸಮಯ ಸಿಗುತ್ತದೆ. ವಾಣಿಜ್ಯ ಸಂಸ್ಥೆಗಳು ಸದಸ್ಯರಿಂದ ದಿನಾಂಕ ಸಹಿತ ದಾಖಲೆಗಳನ್ನು ಸಂಗ್ರಹಿಸಿ ಸರ್ಕಾರದ ಮುಂದಿಟ್ಟರೆ ಈ ಬೇಡಿಕೆಗೆ ಬಲ ಬರುತ್ತದೆ. ಬರಿಯ ದೂರಿಗಿಂತ ಅಂಕಿಗಳುಳ್ಳ ಮನವಿಗೆ ಬೆಲೆ ಹೆಚ್ಚು.

ಪರ್ಯಾಯ ಮಾರ್ಗಗಳೂ ತೆರೆಯುತ್ತಿವೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ಪ್ರಯೋಗ ಆರಂಭಿಸಿದ ಓ.ಎನ್.ಡಿ.ಸಿ. ಜಾಲದಲ್ಲಿ, ಸರಕನ್ನು ವಾಪಸು ಪಡೆಯಲಾಗುವುದೇ, ಎಷ್ಟು ಅವಧಿಯೊಳಗೆ ಎಂಬುದನ್ನು ಮಾರಾಟಗಾರನೇ ತನ್ನ ಸರಕಿನ ಪಟ್ಟಿಯಲ್ಲಿ ಘೋಷಿಸಲು ಅವಕಾಶವಿದೆ. ಗ್ರಾಹಕ ಸಂರಕ್ಷಣಾ ಕಾನೂನಿನ ಹೊಣೆ ಅಲ್ಲಿಯೂ ಇರುತ್ತದೆ. ಒಂದೇ ತಾಣವನ್ನು ನೆಚ್ಚಿಕೊಂಡ ಘಟಕಕ್ಕೆ ಆ ತಾಣದ ಪ್ರತಿಯೊಂದು ನೀತಿಯೂ ವಿಧಿಯಾಗುತ್ತದೆ. ಎರಡು ಮೂರು ಮಾರ್ಗಗಳಲ್ಲಿ ಮಾರುವವರಿಗೆ ಆಯ್ಕೆ ಉಳಿದಿರುತ್ತದೆ.

ಉತ್ತಮ ವಾಪಸಾತಿ ನೀತಿಯು ಗ್ರಾಹಕರ ವಿಶ್ವಾಸವನ್ನು ಬೆಳೆಸಿದೆ, ಅದರ ಲಾಭ ವರ್ತಕರಿಗೂ ದೊರೆತಿದೆ ಎಂಬುದನ್ನು ಅಲ್ಲಗಳೆಯಲಾಗದು. ಊರ ಹೊರಗಿನ ಸಣ್ಣ ಘಟಕದ ಹೆಸರನ್ನೇ ಕೇಳದ ದೂರದ ಗ್ರಾಹಕರು ಅದರ ಸರಕು ಕೊಳ್ಳಲು ಧೈರ್ಯ ಮಾಡುವುದು, ಇಷ್ಟವಾಗದಿದ್ದರೆ ಹಣ ಮರಳುತ್ತದೆಂಬ ನಂಬಿಕೆಯಿಂದಲೇ. ಆ ನಂಬಿಕೆಗೂ ಒಂದು ಬೆಲೆಯಿದೆ. ಪ್ರತಿ ತಿಂಗಳ ಮೊದಲ ವಾರದಲ್ಲಿ ಸರಕುವಾರು ವಾಪಸಾತಿಯ ಪ್ರಮಾಣ, ಕಾರಣ, ವೆಚ್ಚ ಎಂಬ ಮೂರು ಅಂಕಣಗಳ ಒಂದು ಹಾಳೆಯನ್ನು ಸಿದ್ಧಪಡಿಸಿದರೆ ಆ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಮುಂದಿನ ಬಾರಿ ತಾಣದಿಂದ ಹೊಸ ನೀತಿಯ ಸೂಚನೆ ಬಂದಾಗ ಮೊದಲು ತೆರೆಯಬೇಕಾದುದು ಆ ಹಾಳೆಯನ್ನು.